ಸವೆದ ಕಿಲೋ

ಪುಣೆಯ ಸ್ವಾರಗೇಟ ಹತ್ತಿರ ಅಪ್ಪನ ಕಾಳುಕಡಿ ಅಂಗಡಿ ಇತ್ತು. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ತೂಕದ ಕಲ್ಲುಗಳಿಗೆ ಸರಕಾರಿ ಮುದ್ರೆ ಹಾಕಿಸಲು ಹೋದಾಗ, ಅವನ ಒಂದು ಕಿಲೋ ಕಲ್ಲು ಸವೆದು ಹಗುರಾಗಿದೆ ಎಂದು ತಿಳಿಯಿತು. ಬಳಸಿದ ಕಬ್ಬಿಣ ಸವೆಯುವುದು ಸಹಜ ಎಂದು ಅಧಿಕಾರಿ ಮರಾಠಿಯಲ್ಲಿ ಸಮಾಧಾನ ಹೇಳಿದರು. ಕಲ್ಲಿಗೆ ಸೀಸ ತುಂಬಿಸಿ ತೂಕ ಸರಿಪಡಿಸಿದ್ದಾಯಿತು.

ಅಪ್ಪನಿಗೆ ಮಾತ್ರ ಸಮಾಧಾನವಾಗಲಿಲ್ಲ. ಮರುದಿನದಿಂದ ಬಂದ ಗಿರಾಕಿಗಳಿಗೆಲ್ಲ ತನ್ನ ಕಲ್ಲು ಸವೆದಿದ್ದ ಸಂಗತಿಯನ್ನು ತಾನೇ ಹೇಳಿ, ಒಂದು ಹಿಡಿ ಜೋಳ ಹೆಚ್ಚು ಹಾಕತೊಡಗಿದ. ಕೆಲವರು ನಕ್ಕರು. ಇಬ್ಬರು ಅಂಗಡಿಗೆ ಬರುವುದನ್ನೇ ಬಿಟ್ಟರು.

"ಕೇಳದವರಿಗೆ ಯಾಕ ಹೇಳ್ತೀರಿ?" ಎಂದು ಅವ್ವ ರೇಗಿದಳು.

"ಅವರಿಗೆ ತಾವಾಗೇ ಗೊತ್ತಾಗೂ ಹಂಗಿಲ್ಲ, ಅದಕ್ಕ" ಎಂದ ಅಪ್ಪ.

ಮುಂದೆ ನಾನು ತೂಕ, ಅಳತೆಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಕಿಲೋಗ್ರಾಮಿನ ವ್ಯಾಖ್ಯೆ ಬದಲಾದ ವರ್ಷ ಅಪ್ಪ ಹಾಸಿಗೆ ಹಿಡಿದಿದ್ದ. ಅವನ ಪಕ್ಕ ಕೂತು ಅದನ್ನೆಲ್ಲ ವಿವರಿಸಿದೆ. ಜಗತ್ತಿನ ಎಲ್ಲ ಕಿಲೋಗಳಿಗೂ ಮೂಲವಾದ ಲೋಹದ ತುಂಡೊಂದನ್ನು ಪ್ಯಾರಿಸ್ ಹತ್ತಿರ ಜೋಪಾನವಾಗಿ ಇಟ್ಟಿದ್ದರು. ನೂರು ವರ್ಷದಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ತೀರಾ ಸಣ್ಣ ವ್ಯತ್ಯಾಸ ಬಂದಿತ್ತು. ಇನ್ನು ಮೇಲೆ ನಿಸರ್ಗದಲ್ಲಿ ಎಂದೂ ಬದಲಾಗದ ಒಂದು ಸಂಖ್ಯೆಯಿಂದ ಕಿಲೋವನ್ನು ನಿರ್ಧರಿಸುತ್ತಾರೆ.

ಅಪ್ಪ ಕೇಳಿದ: "ಫರಕ ಬಿದ್ದದ್ದು ಮಂದಿಗೆ ಹೇಳಿದ್ರೇನು?"

"ಹೇಳಿದ್ರು ಅಪ್ಪಾ. ಎಲ್ಲಾ ದೇಶದವರನ್ನ ಕರದು ಹೇಳಿದ್ರು."

"ಭಾಳ ಛಲೋ ಮಾಡಿದ್ರು" ಎಂದು ನನ್ನ ಕೈ ಹಿಡಿದುಕೊಂಡ.