ಗ್ರೇಸಿಯ ತೂಕಕ್ಕೆ ಸ್ಪ್ರಿಂಗ್

ನನ್ನ ಹೆಂಡತಿ ಡಾಕ್ಟರ್ ಗ್ರೇಸಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಹಿಡಿದು ಸ್ನೋಮೊಬೈಲ್ ಹಿಂದೆ ಮಂಡಿಯೂರಿಯೇಬಿಟ್ಟಳು. ಎಂಬತ್ತರ ದಶಕದ ಒಂದು ಬೇಸಿಗೆ. ಅಡಿಲೇಡ್‌ನ ಕಿಲ್ಬರ್ನ್‌ನಲ್ಲಿ ನಾನು ಕೆಲಸಕ್ಕಿದ್ದ ವರ್ಕ್‌ಶಾಪಿಗೆ ಆ ಗಾಡಿ ಸರ್ವಿಸ್‌ಗೆ ಬಂದಿತ್ತು.

ಹಿಂದಿನ ಚಳಿಗಾಲದಲ್ಲಿ ಪಕ್ಕದ ರಾಜ್ಯದ ಹಿಮಬೆಟ್ಟದ ಕ್ಲಿನಿಕ್ಕಿನಲ್ಲಿದ್ದಾಗ, ಹಿಮದ ಮೇಲೆ ಓಡುವ ಇದೇ ಗಾಡಿ ಪ್ರತಿ ಉಬ್ಬಿಗೂ ಅವಳನ್ನು ಎತ್ತಿ ಎಸೆದಿತ್ತು. ಬೆನ್ನು ಹಿಡಿದುಕೊಂಡಿತ್ತು. ನೀವು ಒಳಗೇ ಇರಿ, ಗಾಯಗೊಂಡವರನ್ನು ಗಂಡಸರು ಕರೆತರುತ್ತಾರೆ ಎಂದು ಅಲ್ಲಿಯವರು ಹೇಳಿಬಿಟ್ಟಿದ್ದರು. ಆ ಮಾತು ಅವಳನ್ನು ಅಂದಿನಿಂದಲೂ ಚುಚ್ಚುತ್ತಿತ್ತು.

ಮೆಕ್ಯಾನಿಕ್ ರಾನ್ ನಕ್ಕ. "ಸ್ಪ್ರಿಂಗ್ ಸರಿಯಾಗೇ ಇದೆ ಡಾಕ್ಟರ್. ನೀವು ನಾಲ್ಕು ಬಾರ್ಬಿಗೆ, ಮಾಂಸ ಸುಡೋ ಪಾರ್ಟಿಗೆ, ಹೋಗಿ ಚೆನ್ನಾಗಿ ತಿನ್ನಿ, ಸಾಕು."

ಗ್ರೇಸಿ ಹಿಂಬದಿಯ ಎರಡೂ ಸ್ಪ್ರಿಂಗ್‌ಗಳ ಬಿಗಿಯನ್ನು ಒಂದೊಂದು ಹಂತ ಸಡಿಲಿಸಿ, ಸೀಟಿನ ಮೇಲೆ ಕೂತಳು. ಅಲ್ಲಿಯವರೆಗೆ ಅವಳು ಕೂತರೆ ಕದಲದಿದ್ದ ಗಾಡಿ ಮೆತ್ತಗೆ ಎರಡು ಬೆರಳಷ್ಟು ಇಳಿಯಿತು.

"ದಪ್ಪ ಗಂಡಸರ ತೂಕಕ್ಕೆ ಬಿಗಿ ಮಾಡಿದ್ದೀರಿ. ನಾನು ನಲವತ್ತೇಳು ಕೆಜಿ. ತೂಕ ನೋಡಿ ಸ್ಪ್ರಿಂಗ್ ಹೊಂದಿಸಿ ಅಂತ ನಿಮ್ಮ ಟೀ ಮಗ್ ಕೆಳಗಿರೋ ಗಾಡಿ ಪುಸ್ತಕದಲ್ಲೇ ಬರೆದಿದೆ, ರಾನ್!"

ರಾನ್ ಮಗ್ ಎತ್ತಿ, ಅದರ ಕಲೆ ಹತ್ತಿದ ಪುಟವನ್ನು ಓದಿದ. ಕಿವಿ ಕೆಂಪಾಯಿತು.

ಮತ್ತೆ ಚಳಿಗಾಲ ಬಂದು, ಜುಲೈನಲ್ಲಿ ಬೆಟ್ಟದಿಂದ ಗ್ರೇಸಿಯ ಫೋನ್ ಬಂತು. "ರೀ, ಕಾಲು ಮುರಿದವನೊಬ್ಬನ ಹತ್ರ ಇವತ್ತು ನಾನೇ ಮೊದಲು ತಲುಪಿದೆ ಕಣ್ರೀ!" ಮಾರನೆಯ ದಿನ ವರ್ಕ್‌ಶಾಪಿನಲ್ಲಿ ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳಿಕೊಂಡು ತಿರುಗಿದೆ. ಇವತ್ತಿಗೂ ಹೇಳುತ್ತಲೇ ಇದ್ದೇನೆ.