ಬಾಡಿಗೆಗೆ ಹೋದ ಡಿಗ್ರಿ

ದರ್ಜಿಯ ಮಗಳು ಆಹಾರ ಸಂಸ್ಕರಣೆಯಲ್ಲಿ ಡಿಗ್ರಿ ಓದಿದ್ದು ಅವಳ ಅಪ್ಪನ ಹಟದಿಂದ. "ಜನ ಹೊಲಿಸೋದು ಬಿಟ್ಟು ರೆಡಿಮೇಡ್ ತಗೋತಾರೆ, ಆದ್ರೆ ಊಟ ಬಿಟ್ಟವರನ್ನ ನಾನಂತೂ ನೋಡಿಲ್ಲ" ಎಂದು ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಅವರು ಗಿರಾಕಿಗಳಿಗೆ ಹೇಳುತ್ತಿದ್ದರು. ಅಮ್ಮ ಇಲ್ಲದ ಮನೆ. ತಂಗಿಯ ಫೀಸಿಗಾಗಿ ಅಣ್ಣ ಓದನ್ನು ಅರ್ಧಕ್ಕೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದ. ಅದನ್ನು ಅವನು ಒಂದು ದಿನವೂ ಎತ್ತಿ ಆಡಲಿಲ್ಲ. "ಇಬ್ಬರೂ ಬುದ್ಧಿವಂತರಾದ್ರೆ ಅಪ್ಪ ಬಯ್ಯೋದು ಯಾರನ್ನ?" ಎಂದು ನಗುತ್ತಿದ್ದ.

ಡಿಗ್ರಿ ಬಂತು, ಕೆಲಸ ಬರಲಿಲ್ಲ. ದೊಡ್ಡ ಕಂಪನಿಗಳು ಅನುಭವ ಕೇಳಿದವು. ಅನುಭವ ಕೊಡುವವರು ಸಂಬಳ ಕೊಡಲು ಒಪ್ಪಲಿಲ್ಲ. ಅಲೆದು ಚಪ್ಪಲಿ ಸವೆಸಿ ಕೊನೆಗೆ ಊರಾಚೆಯ ಬಟಾಣಿ ಕಾರ್ಖಾನೆಯಲ್ಲಿ ಡಬ್ಬಗಳಿಗೆ ಲೇಬಲ್ ಅಂಟಿಸಲು ಸೇರಿದಳು. ಅಕ್ಕಪಕ್ಕದಲ್ಲಿ ನಿಂತವರು ಶಾಲೆಯ ಮೆಟ್ಟಿಲು ಹತ್ತದವರು. ಕೂಲಿ ಎಲ್ಲರಿಗೂ ಒಂದೇ.

ಅವಳ ಓದಿನ ಸಂಗತಿ ಹೇಗೋ ಮಾಲೀಕರ ಕಿವಿಗೆ ಬಿತ್ತು. ಡಿಗ್ರಿ ಆದವರೊಬ್ಬರ ಹೆಸರಿಲ್ಲದೆ ಕಾರ್ಖಾನೆಯ ಲೈಸೆನ್ಸ್ ನವೀಕರಣ ಆಗುವಂತಿರಲಿಲ್ಲ. ಹಿಂದೆ ಇದ್ದವನು ಬಿಟ್ಟುಹೋಗಿದ್ದ. ಮಾಲೀಕರು ಅವಳನ್ನು ಕರೆಸಿ ಕುರ್ಚಿ ತೋರಿಸಿದರು. ಅವಳ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತಮ್ಮ ತಲೆಯ ಮೇಲಿನ ಗೋಡೆಗೇ ತೂಗುಹಾಕಿದರು. ಅವಳಿಗೊಂದು ಬಿಳಿ ಕೋಟು ಸಿಕ್ಕಿತು, ಸರಕು ಹೊರಗೆ ಕಳಿಸುವ ಕಾಗದಕ್ಕೆ ಸಹಿ ಹಾಕುವ ಕೆಲಸ ಬಂತು, ಸಂಬಳ ಕೊಂಚ ಏರಿತು. ಆದರೂ ವೆಲ್ಡಿಂಗ್ ಕೆಲಸ ಚೆನ್ನಾಗಿದ್ದ ತಿಂಗಳು ಅಣ್ಣನ ದುಡಿಮೆಯೇ ಹೆಚ್ಚು. ಲೇಬಲ್ ಅಂಟಿಸುವ ಹೆಂಗಸರು ಅವಳಿಗೆ 'ಡಿಗ್ರಿ' ಎಂದೇ ಹೆಸರಿಟ್ಟರು. "ಡಿಗ್ರಿ, ಬಾರೇ ಊಟಕ್ಕೆ" ಎಂದು ಕೂಗುತ್ತಿದ್ದರು. ಅದರಲ್ಲಿ ಅಸೂಯೆಯಿರಲಿಲ್ಲ, ಪ್ರೀತಿಯೇ ಇತ್ತು.

ಉರುವಲಿನ ಬೆಲೆ ಏರಿದ ವರ್ಷ ಮಾಲೀಕರು ಡಬ್ಬಗಳನ್ನು ಆವಿಯಲ್ಲಿ ಬೇಯಿಸುವ ಹೊತ್ತನ್ನು ಕಡಿಮೆ ಮಾಡಿಸಿದರು. ಮುಚ್ಚಿದ ಡಬ್ಬ ಸರಿಯಾಗಿ ಬೇಯದಿದ್ದರೆ ಒಳಗೆ ಸೂಕ್ಷ್ಮಾಣು ಉಳಿದು ಗಾಳಿ ತುಂಬುತ್ತದೆ, ಮುಚ್ಚಳ ಉಬ್ಬುತ್ತದೆ, ತಿಂದವರ ಜೀವಕ್ಕೇ ಸಂಚಕಾರ. ಗೋದಾಮಿನಲ್ಲಿ ಉಬ್ಬಿದ ಡಬ್ಬಗಳನ್ನು ಕಂಡು ಅವಳು ಮಾಲೀಕರ ಬಳಿ ಓಡಿದಳು.

"ಸರ್, ಈ ಸರಕು ಹೊರಗೆ ಹೋಗ್ಬಾರ್ದು."

"ಉಬ್ಬಿದ್ದನ್ನ ಬಿಸಾಡಿಸ್ತೀನಮ್ಮ. ಮಿಕ್ಕಿದ್ದಕ್ಕೆ ಸಹಿ ಹಾಕು."

"ಉಬ್ಬದೇ ಇರೋದರಲ್ಲೂ ವಿಷ ಇರಬಹುದು ಸರ್. ಕಣ್ಣಿಗೆ ಕಾಣಲ್ಲ."

ಮಾಲೀಕರು ದನಿ ಏರಿಸಲಿಲ್ಲ. "ನೋಡಮ್ಮ, ನಾನು ಬಾಡಿಗೆ ಕೊಡ್ತಿರೋದು ಗೋಡೆ ಮೇಲಿರೋ ಆ ಕಾಗದಕ್ಕೆ. ನಿನ್ನ ತಲೆಗಲ್ಲ. ಇಂಥ ಕಾಗದ ಹಿಡ್ಕೊಂಡು ಗೇಟಿನ ಹತ್ರ ಎಷ್ಟು ಜನ ನಿಂತಿದ್ದಾರೆ, ನಿಂಗೇ ಗೊತ್ತು."

ಅವಳಿಗೆ ಗೊತ್ತಿತ್ತು. ಅಪ್ಪನ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲೂ ಅವಳನ್ನೇ ಕರೆಯುತ್ತಿದ್ದರು. ಅವಳು ಸಹಿ ಹಾಕಿದಳು.

ರಜೆಯ ದಿನ ಚೀಲ ಹಿಡಿದು ಅಂಗಡಿ ಅಂಗಡಿ ಸುತ್ತಿ, ತಾನು ಸಹಿ ಹಾಕಿದ ತಾರೀಖಿನ ಡಬ್ಬಗಳನ್ನು ಹುಡುಕಿ ಹುಡುಕಿ ಕೊಂಡು ತಂದಳು. ಸಂಬಳವೆಲ್ಲ ಬಟಾಣಿಯಾಯಿತು. "ಮನೇಲಿ ಬರೀ ಬಟಾಣೀನೇ ತಿಂತೀರಾ?" ಎಂದು ಒಬ್ಬ ಅಂಗಡಿಯವನು ಕೇಳಿದ. ಅವಳು ನಕ್ಕಂತೆ ಮಾಡಿದಳು. ತಂದದ್ದನ್ನೆಲ್ಲ ಅಣ್ಣನ ಮಂಚದ ಕೆಳಗೆ ತಳ್ಳಿದಳು.

ಮುಂದಿನ ವಾರ ಮಾಲೀಕರು ಹೆಂಗಸರಿಗೆಲ್ಲ ಚಹಾ ಕೊಡಿಸಿದರು. ಅಂಗಡಿಗಳಲ್ಲಿ ಸರಕು ಖಾಲಿಯಾಗಿದೆ, ಬೇಡಿಕೆ ಏರಿದೆ, ಒಲೆ ಇನ್ನೂ ಬೇಗ ಆರಿಸಿ ಇನ್ನಷ್ಟು ಡಬ್ಬ ತೆಗೆಯಬೇಕು ಎಂದರು. ಚಹಾದ ಲೋಟ ಅವಳ ಕೈಯಲ್ಲೇ ಉಳಿಯಿತು. ಯಾರ ಬಳಿ ಹೇಳಿಕೊಳ್ಳುವುದು? ಬೆಂಕಿ ಆರಿಸಲು ಹೋಗಿ ತಾನೇ ಎಣ್ಣೆ ಸುರಿದಿದ್ದಳು.

ಆ ಸಂಜೆ ಅಣ್ಣ ಊಟಕ್ಕೆ ಕೂತಿದ್ದಾಗ ಮಂಚದ ಕೆಳಗೊಂದು ಡಬ್ಬ ಸಿಡಿಯಿತು. ಕೊಳೆತ ನಾತ ಮನೆ ತುಂಬಿತು. ಅಣ್ಣ ಬಗ್ಗಿ ನೋಡಿದ, ಒಂದೊಂದಾಗಿ ಹೊರಗೆಳೆದ, ಆಮೇಲೆ ಅವಳ ಮುಖ ನೋಡಿದ. ಅವಳು ಎಲ್ಲವನ್ನೂ ಹೇಳಿದಳು.

"ಮಿಕ್ಕ ಡಬ್ಬ ಯಾರ ಮನೇಲಿವೆ?" ಎಂದ ಅಣ್ಣ.

"ಗೊತ್ತಿಲ್ಲ."

"ಯಾರಾದ್ರೂ ಸತ್ತಿದ್ರೆ?"

"ಗೊತ್ತಿಲ್ಲ ಅಣ್ಣ. ದಿನಾ ಪೇಪರ್ ತಿರುವಿ ಹಾಕ್ತೀನಿ. ಹೋಗಿ ಹೇಳಿದ್ರೆ ಮೊದಲು ಸಿಕ್ಕಿಬೀಳೋಳು ನಾನೇ. ಸಹಿ ನಂದು."

ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ತುಳಿಯುವುದನ್ನು ನಿಲ್ಲಿಸಿದ್ದರು, ಆದರೆ ತಿರುಗಲಿಲ್ಲ. "ನಿನ್ನ ಓದಿಸಿದ್ದು ನಾನು. ನಾನೂ ಬರ್ತೀನಿ ನಡಿ" ಎಂದರು.

ಮಾರನೆಯ ದಿನ ಮೂವರೂ ಆಹಾರ ತಪಾಸಣೆ ಕಚೇರಿಗೆ ಹೋದರು. ಅಧಿಕಾರಿ ಕೇಳಿದ ಮೊದಲ ಮಾತೇ, "ಓದಿದವಳು, ಗೊತ್ತಿದ್ದೂ ಯಾಕಮ್ಮ ಸಹಿ ಮಾಡ್ದೆ?" ಅವಳು ತಂದಿದ್ದ ಡಬ್ಬಗಳನ್ನು ಮೇಜಿನ ಮೇಲಿಟ್ಟಳು. ಕಾರ್ಖಾನೆಗೆ ಬೀಗ ಬಿತ್ತು. ಅಂಗಡಿಗಳಿಂದ ಸರಕು ವಾಪಸಾಯಿತು. ಯಾರೂ ಸತ್ತ ಸುದ್ದಿ ಬರಲಿಲ್ಲ. ಬಾರದ ಸುದ್ದಿಗಳೆಷ್ಟೋ ಎಂದು ಅವಳ ಮನಸ್ಸು ಕೊರೆಯುತ್ತಲೇ ಇತ್ತು. ಮಾಲೀಕರು ವಿಚಾರಣೆಯಲ್ಲಿ ಕೈ ತೊಳೆದುಕೊಂಡರು: "ನಾನು ವ್ಯಾಪಾರಸ್ಥ. ಇದೆಲ್ಲ ಗೊತ್ತಿರಲಿ ಅಂತಾನೇ ಡಿಗ್ರಿ ಆದವರನ್ನ ಇಟ್ಕೊಂಡಿದ್ದು." ಆ ಕಾಗದಕ್ಕೆ ಸಿಕ್ಕ ದೊಡ್ಡ ಮರ್ಯಾದೆ ಅದೇ.

ಬೀದಿಯಲ್ಲಿ ಎದುರಾದ ಹಳೆಯ ಜೊತೆಗಾತಿ, ಲೇಬಲ್ ಅಂಟಿಸುತ್ತಿದ್ದವಳು, ಬೈಯಲಿಲ್ಲ. "ನೀನು ಮಾಡಿದ್ದು ಸರಿ ಇರಬಹುದು ಡಿಗ್ರಿ. ಆದ್ರೆ ನಮ್ಮ ಮನೇಲಿ ಒಲೆ ಉರೀತಿಲ್ಲ" ಎಂದು ಮುಂದೆ ನಡೆದಳು. ಬೈದಿದ್ದರೆ ಮೇಲಿತ್ತು ಎನಿಸಿತು.

ಕೇಸು ಎಳೆಯುತ್ತಲೇ ಇತ್ತು. ಎಲ್ಲಿಗೆ ಅರ್ಜಿ ಹಾಕಿದರೂ ಹೆಸರು ನೋಡಿದ ಕೂಡಲೇ ಬಾಗಿಲು ಮುಚ್ಚುತ್ತಿತ್ತು. ಅಪ್ಪನಿಗೆ ಸೂಜಿಯೇ ಕಾಣದಾದಾಗ ಅವಳು ಆಸ್ಪತ್ರೆಯ ಅಡುಗೆಮನೆಯ ಹಿಂಬಾಗಿಲಿಗೆ ಹೋಗಿ ನಿಂತಳು. ತರಕಾರಿ ತೊಳೆಯಲು ಆಳು ಬೇಕಿತ್ತು.

"ಎಲ್ಲಿ ತನಕ ಓದಿದ್ದೀಯಮ್ಮ?" ಮುಖ್ಯ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಕೇಳಿದರು. "ಹೆಚ್ಚು ಓದಿದವರು ಇಲ್ಲಿ ನಿಲ್ಲಲ್ಲ, ಅದಕ್ಕೇ ಕೇಳ್ದೆ."

"ಏಳನೇ ಕ್ಲಾಸು" ಎಂದಳು.

"ಸರಿ. ಆ ಕಡೆ ನಲ್ಲಿ ಇದೆ, ಕೈ ತೊಳ್ಕೊಂಡು ಶುರು ಮಾಡು."

ಅವಳು ತೋಳು ಮಡಚಿ, ಮಣ್ಣು ಮೆತ್ತಿದ ಆಲೂಗಡ್ಡೆಯ ಬುಟ್ಟಿಯನ್ನು ನಲ್ಲಿಯ ಕೆಳಗೆ ಎಳೆದುಕೊಂಡಳು.