ಅಕ್ಕಲಕೋಟೆಯ ಮಗ್ಗದ ಮೇಲೆ ಓರೆ ಗೆರೆ

ನಿಮ್ಮ ಅಜ್ಜ ಮಿಲ್ಲಿಗೆ ರಜೆ ಹಾಕಿ ಮನೆಯಲ್ಲಿ ಪಟ್ಟಿ ಹೊಡೆಯಲು ಕೂತದ್ದು ಎದೆಯ ತೊಂದರೆಯಿಂದ. ಹತ್ತಿಯ ಧೂಳು ಒಳಗೆ ಇಳಿದಿದೆ, ಇನ್ನು ಆ ಗಾಳಿ ಬೇಡ ಎಂದು ವೈದ್ಯರು ಹೇಳಿದ್ದರು. ಆದರೆ ಮಿಲ್ಲು ಬಿಟ್ಟರೆ ಸೊಲ್ಲಾಪುರದಲ್ಲಿ ಇನ್ನೇನು ಮಾಡುವುದು? ರಜೆ ಮುಗಿಯುವುದರೊಳಗೆ ಈ ಪಟ್ಟಿಯ ಕೆಲಸ ಕೈ ಹತ್ತಬೇಕಿತ್ತು. ಇಲ್ಲವಾದರೆ ಅದೇ ಧೂಳಿಗೆ ಮರಳಿ ಹೋಗಬೇಕಿತ್ತು.

ಪಟ್ಟಿ ಎಂದರೆ ಗಟ್ಟಿ ರಟ್ಟಿನ ತುಂಡು. ಚಾದರಿನ ಹೂವನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆದು, ಅದನ್ನು ನೋಡಿಕೊಂಡು ಪ್ರತಿ ಸಾಲಿಗೆ ಒಂದೊಂದು ರಟ್ಟಿನಲ್ಲಿ ತೂತು ಹೊಡೆಯಬೇಕು. ಆಮೇಲೆ ಎಲ್ಲವನ್ನೂ ದಾರದಿಂದ ಪೋಣಿಸಿದರೆ ಉದ್ದನೆಯ ಮಾಲೆಯಾಗುತ್ತದೆ. ಮಗ್ಗದ ತಲೆಯ ಮೇಲೆ ಅದನ್ನು ಹಾಕಿದರೆ ತೂತು ಇದ್ದಲ್ಲಿ ಸೂಜಿ ಒಳಗೆ ಹೋಗಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ನೇಕಾರನಿಗೆ ಹೂವು ಗೊತ್ತಿರಬೇಕಾಗಿಲ್ಲ, ಮಗ್ಗ ತಾನೇ ಓದಿಕೊಂಡು ನೇಯುತ್ತದೆ. ತೂತು ಹೊಡೆಯುವವರು ಅಜ್ಜ, ಪೋಣಿಸುವವಳು ನಾನು.

ಹೂವಿಗಿಂತ ಮುಂಚೆ ಅವರು ಪರೀಕ್ಷೆಗೆಂದು ಮಾಲೆಯ ತುದಿಗೆ ಬೇರೆ ಕೆಲವು ಪಟ್ಟಿ ಕಟ್ಟುತ್ತಿದ್ದರು. ಅವು ಒಂದೊಂದೇ ಎಳೆಯನ್ನು ಸರದಿಯ ಮೇಲೆ ಎತ್ತುತ್ತಿದ್ದವು. ಬಟ್ಟೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಓರೆ ಗೆರೆಯೊಂದು ತಾನಾಗಿ ಮೂಡುತ್ತಿತ್ತು. ಗೆರೆ ಅಖಂಡವಾಗಿದ್ದರೆ ಮುಂದಿನ ಹೂವಿಗೆ ಭಯವಿಲ್ಲ. ಎಲ್ಲಿ ತುಂಡಾಯಿತೋ ಅಲ್ಲಿ ತಪ್ಪು ಹುಡುಕಬೇಕು.

ನಮಗೆ ಕೆಲಸ ಕೊಡಲು ಬಂದ ಸಾಹುಕಾರರಿಗೆ ಸೊಲ್ಲಾಪುರ, ಕುಂಭಾರಿ, ಅಕ್ಕಲಕೋಟೆ ಮೂರೂ ಕಡೆ ಮಗ್ಗಗಳಿದ್ದವು. ಒಂದೇ ಮಾಲೆ ಮೂರೂ ಊರಿನಲ್ಲಿ, ಏನೂ ತಿದ್ದದೆ ಓಡಬೇಕು ಎಂಬುದು ಅವರ ಷರತ್ತು. ಸೊಲ್ಲಾಪುರದ ಮಾಳಿಗೆಯ ಮಗ್ಗದಲ್ಲಿ ಗೆರೆ ಚೆನ್ನಾಗಿ ಬಂತು. ಕುಂಭಾರಿಯ ಪತ್ರಾಸಿನ ತಗಡು ಸೂರಿನ ಕೆಳಗೂ ಬಂತು. ಅಕ್ಕಲಕೋಟೆಗೆ ನಾನೂ ಹೋದೆ. ಮಾಲೆ ಭಾರ, ಅಜ್ಜನಿಗೆ ಎತ್ತಲಾಗುತ್ತಿರಲಿಲ್ಲ.

ಅಲ್ಲಿಯ ಮಗ್ಗದ ಕೋಣೆ ತಗ್ಗಾಗಿತ್ತು, ಮಣ್ಣಿನ ನೆಲ. ಸಾಹುಕಾರರು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡಿದ್ದರು. ನಾನು ಒಳಗಿನ ಹೊಸ್ತಿಲ ಹಿಂದೆ ನೇಕಾರನ ಹೆಂಡತಿಯ ಪಕ್ಕ ಕೂತೆ. ಮೊದಮೊದಲು ಗೆರೆ ಸರಿಯಾಗಿಯೇ ಬಂತು. ಊಟ ಮಾಡಿ ಬಂದು ಮತ್ತೆ ಮೊದಲಿನಿಂದ ಓಡಿಸಿದಾಗ ಎರಡೂ ಅಂಚಿನಲ್ಲಿ ತುಂಡಾಯಿತು, ನಡುವೆ ಮಾತ್ರ ಉಳಿಯಿತು.

“ನನ್ನ ಮಗ್ಗಕ್ಕ ಏನೂ ಆಗಿಲ್ರಿ,” ಎಂದ ನೇಕಾರ. “ಹಳೀ ಪಟ್ಟಿ ಹಾಕಿ ನೋಡ್ರಿ, ಕುದುರಿ ಓಡಿದಂಗ ಓಡ್ತಾವ.”

“ಸೊಲ್ಲಾಪುರದಾಗ ಓಡ್ಯಾವ, ಕುಂಭಾರ್ಯಾಗ ಓಡ್ಯಾವ. ಇಲ್ಲೇ ಯಾಕ ಮುನಿಸ್ಕೊಂಡಾವ?” ಎಂದರು ಅಜ್ಜ.

“ಮುನಿಸು ಮಗ್ಗದ್ದೋ ಪಟ್ಟೀದೋ, ನನಗ ಬ್ಯಾಡ,” ಎಂದರು ಸಾಹುಕಾರರು. “ಮೂರೂ ಕಡೆ ಓಡಬೇಕು. ಇಲ್ಲಂದ್ರ ನಿಮಗ ಮಿಲ್ಲೇ ಬರೋಬರ್.”

ಮಾಲೆಯ ಬಾಲ ನನ್ನ ಕಡೆ ಇಳಿಬಿದ್ದಿತ್ತು. ಮುಟ್ಟಿದೆ. ಬೆಳಿಗ್ಗೆ ಟಣಟಣ ಎನ್ನುತ್ತಿದ್ದ ರಟ್ಟು ಗಾಳಿಗಿಟ್ಟ ಹಪ್ಪಳದಂತೆ ಮೆತ್ತಗಾಗಿತ್ತು. ಅದರ ಪಕ್ಕದಲ್ಲೇ ತೂಗುಹಾಕಿದ್ದ ಹಳೆಯ ಪಟ್ಟಿಗಳು ಎಣ್ಣೆ, ಕೈಜಿಡ್ಡು ಕುಡಿದು ಕಪ್ಪಾಗಿದ್ದವು, ಗಟ್ಟಿಯಾಗಿದ್ದವು. ನಾವು ಊಟಕ್ಕೆ ಕೂತಾಗ ನೆಲಕ್ಕೆ ಎರಡು ಕೊಡ ನೀರು ಹೊಡೆದಿದ್ದರು. ಬಿಸಿಲಿಗೆ ನೂಲು ಹರಿಯಬಾರದೆಂದು ಅವರದು ದಿನದ ರೂಢಿ.

ಹಿರಿಯರ ಎದುರು ಗಂಡನೊಡನೆ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಸಾಹುಕಾರರ ಎದುರಂತೂ ಇಲ್ಲವೇ ಇಲ್ಲ. ನೇಕಾರನ ಹೆಂಡತಿಯ ಕಿವಿಯಲ್ಲಿ ಹೇಳಿದೆ. ಆಕೆಗೆ ನನ್ನ ಸಂಕೋಚ ಕಂಡು ನಗು.

“ಪಾವಣ್ಯಾರ,” ಎಂದು, ಮನೆಗೆ ಬಂದ ಅತಿಥಿಯನ್ನು ಕರೆಯುವಂತೆ, ಅಜ್ಜನನ್ನು ಕರೆದಳು. “ನಿಮ್ಮ ಮನಿಯಾಕಿ ಏನಂತಾಳ ಕೇಳ್ರಿ. ನಿಮ್ಮ ಪಟ್ಟಿ ಹಸಿ ಹಪ್ಪಳ ಆಗ್ಯಾವಂತ. ಕರದು ಕೊಡ್ಲೇನು?”

ನೇಕಾರ ನಕ್ಕ. ಅಜ್ಜ ನಗಲಿಲ್ಲ. ಹೊಸ ಪಟ್ಟಿಯೊಂದನ್ನು ಬಿಚ್ಚಿ ಹಳೆಯದರ ಮೇಲಿಟ್ಟು ಬೆಳಕಿಗೆ ಹಿಡಿದರು. ರಟ್ಟು ನೀರು ಹೀರಿ ಉಬ್ಬಿತ್ತು. ನಡುವಿನ ತೂತುಗಳು ಕೂಡುತ್ತಿದ್ದವು, ಅಂಚಿನವು ಸರಿದಿದ್ದವು.

“ಹಂಗಾದ್ರ ನೀರು ಹೊಡೆಯೋದು ಬಿಡ್ಲೇನು?” ಎಂದ ನೇಕಾರ.

“ಹೊಡೆಯೋದು ಬಿಡಬ್ಯಾಡ,” ಎಂದರು ಸಾಹುಕಾರರು. ಅಜ್ಜನಿಗೆ ಮುಂದಿನ ಸೋಮವಾರದವರೆಗೆ ಸಮಯ ಕೊಟ್ಟರು. ಅಜ್ಜನ ರಜೆ ಮುಗಿಯುವುದೂ ಅಂದೇ.

ಮನೆಗೆ ಬಂದು ಪಟ್ಟಿಗಳಿಗೆ ಕುದಿಸಿದ ಅಗಸೆ ಎಣ್ಣೆ ಸವರಿ ಬಿಸಿಲಿಗೆ ಹರಡಿದೆವು. ಒಣಗಿದವು, ಆದರೆ ತೇವಕ್ಕೆ ತಡೆಯುತ್ತವೋ ಇಲ್ಲವೋ ನೋಡಲು ಅಕ್ಕಲಕೋಟೆಗೆ ಹೋಗುವ ತನಕ ಕಾಯುವುದೇಕೆ ಎನಿಸಿತು. ನಾನು ಅಡುಗೆಮನೆಯ ಮಗ್ಗುಲಿನ ಕೋಣೆಯಲ್ಲಿ ಗೋಣಿಚೀಲಗಳನ್ನು ತೋಯಿಸಿ ತೂಗುಹಾಕಿದೆ, ನೆಲಕ್ಕೆ ನೀರು ಹೊಡೆದು ಬಾಗಿಲು ಮುಂದೆಮಾಡಿದೆ. ಎಣ್ಣೆ ಹಚ್ಚಿದ್ದೊಂದು, ಹಚ್ಚದ್ದೊಂದು ಪಟ್ಟಿಯನ್ನು ಇಡೀ ದಿನ ಒಳಗಿಟ್ಟೆವು. ಸಂಜೆ ಎರಡನ್ನೂ, ತೂತಿನ ಅಳತೆಗೆ ಗೂಟ ಹೊಡೆದಿದ್ದ ಅಜ್ಜನ ಹಲಗೆಯ ಮೇಲೆ ಕೂರಿಸಿದರೆ ಎಣ್ಣೆಯದು ಸಲೀಸಾಗಿ ಕೂತಿತು. ಹಚ್ಚದ್ದು ಕೂರಲಿಲ್ಲ.

“ಇನ್ನ ನೆಟ್ಟಗ ಅಕ್ಕಲಕ್ವಾಟಿಗೇ,” ಎಂದರು ಅಜ್ಜ.

“ಮದಲ ಇಲ್ಲಿ ಸೊಲ್ಲಾಪುರದಾಗ, ಆಮ್ಯಾಲ ಕುಂಭಾರ್ಯಾಗ ಇನ್ನೊಮ್ಮೆ ಹಾಕಿ ನೋಡ್ರಿ,” ಎಂದೆ ನಾನು.

“ಅಲ್ಲಿ ಓಡ್ಯಾವಲ್ಲ?”

“ಎಣ್ಣಿ ಹಚ್ಚಿದ ಮ್ಯಾಲ ಓಡಿಲ್ರಿ.”

ಗೊಣಗುತ್ತಲೇ ಹೋದರು. ಸೊಲ್ಲಾಪುರದ ಮಾಳಿಗೆಯ ಕಾವಿಗೆ ಎಣ್ಣೆ ಜಿಗಟಾಗಿ ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡವು, ಗೆರೆಯಲ್ಲಿ ಮೆಟ್ಟಿಲು ಬಿತ್ತು. ಮತ್ತೆ ಬಿಚ್ಚಿ, ಒರೆಸಿ, ಬಿಸಿಲಿಗೆ ಹಾಕಿದೆವು. ಶನಿವಾರ ಸೊಲ್ಲಾಪುರದಲ್ಲಿ ಓಡಿತು, ಭಾನುವಾರ ಕುಂಭಾರಿಯಲ್ಲಿ.

ಸೋಮವಾರ ಅಕ್ಕಲಕೋಟೆಯಲ್ಲಿ ನೇಕಾರನ ಹೆಂಡತಿ ನಮ್ಮೆದುರೇ ನೆಲಕ್ಕೆ ನೀರು ಹೊಡೆದಳು, ಬೇಕೆಂದೇ ಒಂದು ಕೊಡ ಹೆಚ್ಚು. ಊಟಕ್ಕೆ ಮುಂಚೆ ಓಡಿಸಿದರು, ಊಟವಾದ ಮೇಲೂ ಓಡಿಸಿದರು. ಗೆರೆ ಅಂಚಿನಿಂದ ಅಂಚಿಗೆ ಎಲ್ಲಿಯೂ ತುಂಡಾಗದೆ ಹೋಯಿತು. ಅದರ ಬೆನ್ನಿಗೆ ಹೂವೂ ಬಂತು. ಸಾಹುಕಾರರು ಬಟ್ಟೆಯನ್ನು ತಿರುವಿ ಹಿಂಬದಿ ನೋಡಿದರು.

“ಇನ್ನೊಂದು ನಮೂನಿ ಕೊಡ್ತೀನಿ, ಹೊಡ್ಕೊಂಡ್ ಬರ್ರಿ,” ಎಂದಷ್ಟೇ ಹೇಳಿ ಎದ್ದರು.

ಬಸ್ಸು ಸೊಲ್ಲಾಪುರ ತಲುಪಿದಾಗ ಇನ್ನೂ ಬಿಸಿಲಿತ್ತು. ಅಜ್ಜ ಮನೆಯ ಕಡೆ ತಿರುಗಲಿಲ್ಲ. ನಾಳೆಯಿಂದ ಬರುವುದಿಲ್ಲವೆಂದು ಮೇಲ್ವಿಚಾರಕ ಮುಕಾದಮನಿಗೆ ತಾವೇ ಹೇಳಿ ಬರುವುದಾಗಿ ಮಿಲ್ಲಿನ ದಾರಿ ಹಿಡಿದರು. ನಾನು ಮಾಲೆಯನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ಬಂದು, ರೊಟ್ಟಿಗೆ ಹಿಟ್ಟು ನಾದಲು ಕೂತೆ.